ಅಜ್ಜಿಯ ಕೆಂಪಿನೋಲೆಗೆ ನೀರು ಬೇಡ

ಬಯಲುಸೀಮೆಯ ಒಣಹವೆಯಲ್ಲಿ ತಲೆಮಾರುಗಟ್ಟಲೆ ಬಾಳಿದ ಕೆಂಪಿನ ಓಲೆ, ಅಡ್ಡಿಕೆಗಳು ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಮಳೆಗಾಲದ ತೇವಕ್ಕೆ ಮಂಕಾಗುವುದುಂಟು. ಕೆಟ್ಟದ್ದು ಹರಳಲ್ಲ, ಅದರ ಬೆನ್ನು.

ಹಳೆಯ ಕುಂದಣದ ಒಡವೆಗೆ ಹಿಂಬದಿ ಮುಚ್ಚಿರುತ್ತದೆ. ಒಳಗೆ ಅರಗು, ಅದರ ಮೇಲೆ ಮಿರುಗುವ ತೆಳುತಗಡು, ಮೇಲೆ ಹರಳು; ಸುತ್ತಲೂ ಚಿನ್ನ ಒತ್ತಿ ಬಿಗಿದಿರುತ್ತಾರೆ. ನೀರು ಒಳಸೇರಿದರೆ ತಗಡು ಕಪ್ಪಾಗುತ್ತದೆ. ಬಿಸಿ ತಗುಲಿದರೆ ಅರಗು ಮೆತ್ತಗಾಗಿ ಹರಳು ಸಡಿಲುತ್ತದೆ.

ಆದ್ದರಿಂದ ಬರಿಯ ಚಿನ್ನದ ಬಳೆಗೆ ಒಪ್ಪುವ ಅಂಟುವಾಳದ ನೀರು ಇದಕ್ಕೆ ಸಲ್ಲದು. ಸ್ನಾನಕ್ಕೂ ಅಡಿಗೆಗೂ ಮೊದಲು ತೆಗೆದಿಡಿ. ಅರಗು ಸ್ಪಿರಿಟ್ಟಿನಲ್ಲಿ ಕರಗುವ ವಸ್ತು. ಸೆಂಟು ಹಾಕಿಕೊಂಡರೆ ಅದು ಆರಿದ ಮೇಲೆಯೇ ಒಡವೆ ತೊಡಿ. ಕಳಚಿದೊಡನೆ ಒಣಬಟ್ಟೆಯಿಂದ ಬೆವರೊರಸಿ, ಒಂದೊಂದನ್ನೂ ಬೇರೆಯಾಗಿ ಹತ್ತಿಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದೊಡನೆ ಬಿಗಿಮುಚ್ಚಳದ ಡಬ್ಬಿಯಲ್ಲಿಡಿ.

ಹರಳು ಅಲುಗಿದರೆ ಮನೆಯಲ್ಲೇ ಅಂಟು ಹಚ್ಚಬೇಡಿ. ಕುಂದಣ ಬಲ್ಲ ಅಕ್ಕಸಾಲಿಗೆ ಕೊಡಿ. ಕೊಡುವ ಮುನ್ನ ಹರಳುಗಳನ್ನೆಣಿಸಿ, ತೂಕ ಬರೆದು, ಫೋಟೋ ತೆಗೆದಿಡಿ.

ಮಂಕಾಯಿತೆಂದು ಮಾರಲು ಹೋದರೆ ಅರಗು, ಹರಳುಗಳ ತೂಕ ಕಳೆದು ಚಿನ್ನಕ್ಕಷ್ಟೇ ಬೆಲೆ ಕಟ್ಟುವುದು ಪೇಟೆಯ ವಾಡಿಕೆ. ಚಿನ್ನವನ್ನು ಮತ್ತೆ ಕೊಳ್ಳಬಹುದು. ಕರಗಿಹೋದ ಆ ಕೈಕೆಲಸವನ್ನು ಮೊಮ್ಮಗಳಿಗೆ ಎಲ್ಲಿಂದ ತಂದುಕೊಡೋಣ?