ಕೊಡಗಿನ ಕೋವಿ ಗಡಿ ದಾಟುವಾಗ

ಕೊಡವರ ಕೋವಿಗೆ ಕಾನೂನಿನ ತಡೆಯೇ ಇಲ್ಲವೆಂಬ ಮಾತು ನಮ್ಮ ನಾಡಿನಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ. ಕೈಲ್‌ಪೊಳ್ದ್ ಹಬ್ಬದಂದು ತೋಕ್‌ಪೂ ಎಂಬ ಹೂವಿನಿಂದ ಅಲಂಕೃತವಾಗಿ ಐನ್‌ಮನೆಯೆಂಬ ಮನೆತನದ ಮೂಲಮನೆಯಲ್ಲಿ ಪೂಜೆಗೊಳ್ಳುವ, ಜನನದಲ್ಲಿಯೂ ಮರಣದಲ್ಲಿಯೂ ಸಿಡಿದು ಊರಿಗೆ ವಾರ್ತೆಯನ್ನು ಮುಟ್ಟಿಸುವ ಈ ಆಯುಧವನ್ನು ಕಂಡ ಹೊರನಾಡಿನವರು, ಅದನ್ನು ಜೀಪಿನಲ್ಲಿ ಇರಿಸಿಕೊಂಡು ದೇಶದ ಯಾವ ದಾರಿಯಲ್ಲಾದರೂ ನಿರಾತಂಕವಾಗಿ ಸಂಚರಿಸಬಹುದೆಂದು ಭಾವಿಸಿದರೆ ಅದು ಕ್ಷಮ್ಯವೇ ಸರಿ; ಆದರೆ ಕೊಡಗಿನ ತರುಣರಲ್ಲಿಯೂ ಅನೇಕರು ಹಾಗೆಯೇ ನಂಬಿರುವುದು ಕಳವಳವನ್ನು ಹುಟ್ಟಿಸತಕ್ಕ ಸಂಗತಿ. ಹಿರಿಯರು ತಲೆಮಾರುಗಳಿಂದ ಗೌರವದಿಂದ ಉಳಿಸಿಕೊಂಡು ಬಂದ ಹಕ್ಕೊಂದು, ಅದರ ಎಲ್ಲೆಯನ್ನರಿಯದವರ ಕೈಯಲ್ಲಿ ಒಂದೇ ತಪಾಸಣೆಯ ಠಾಣೆಯೆದುರು ಅವಮಾನಕ್ಕೆ ಗುರಿಯಾಗಬಾರದು.

ಈ ಹಕ್ಕಿನ ಮೂಲವನ್ನು ಮೊದಲು ನೋಡೋಣ. 1857ರ ದಂಗೆಯ ತರುವಾಯ ಜನರನ್ನು ನಿರಾಯುಧರನ್ನಾಗಿಸುವ ಶಾಸನವು ಜಾರಿಗೆ ಬಂದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಅದರ ವ್ಯಾಪ್ತಿಯಿಂದ ಹೊರತುಪಡಿಸಿದನು. ಸ್ವಾತಂತ್ರ್ಯಾನಂತರ 1959ರ ಆಯುಧ ಅಧಿನಿಯಮವು ಬಂದಿತು. ಅದರ 41ನೆಯ ಪ್ರಕರಣದ ಮೇರೆಗೆ ಕೇಂದ್ರ ಸರಕಾರವು ಅಧಿಸೂಚನೆಯೊಂದರ ಮೂಲಕ ಹಿಂದಿನ ವಿನಾಯಿತಿಯನ್ನು ಮುಂದುವರಿಸಿತು. ಇದು ಕೊಡವರಿಗೆ ಮಾತ್ರ ಮೀಸಲೆಂಬುದೂ ಒಂದು ತಪ್ಪು ತಿಳಿವಳಿಕೆಯೇ. ಅಧಿಸೂಚನೆಯು ಕೊಡವ ಕುಲದವರೊಡನೆ, ಜಮ್ಮಾ ಎಂಬ ವಂಶಪಾರಂಪರ್ಯದ ಭೂಹಿಡುವಳಿಯುಳ್ಳ ಕೊಡಗಿನ ಪ್ರತಿಯೊಬ್ಬನನ್ನೂ ಹೆಸರಿಸುತ್ತದೆ. ಜಮ್ಮಾ ಭೂಮಿಯನ್ನುಳ್ಳವನು ಯಾವ ಸಮುದಾಯದವನೇ ಆಗಿದ್ದರೂ ಈ ವಿನಾಯಿತಿಗೆ ಪಾತ್ರನು.

ವಿನಾಯಿತಿಯೆಂದರೆ ಯಾವುದರಿಂದ ವಿನಾಯಿತಿ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವವರು ವಿರಳ. ಆಯುಧವನ್ನು ಹೊಂದುವುದಕ್ಕೂ ಒಯ್ಯುವುದಕ್ಕೂ ಪರವಾನಗಿ ಬೇಕೆಂದು ವಿಧಿಸುವ 3 ಮತ್ತು 4ನೆಯ ಪ್ರಕರಣಗಳಿಂದ ಮಾತ್ರ ಅದು ಬಿಡುಗಡೆ ನೀಡುತ್ತದೆ. ಅಧಿನಿಯಮದ ಉಳಿದ ಭಾಗವು ಕೊಡಗಿನ ಕೋವಿಗೂ ಉತ್ತರ ಭಾರತದ ಯಾವುದೋ ಪಟ್ಟಣದ ಪರವಾನಗಿಯ ಕೋವಿಗೂ ಸಮಾನವಾಗಿ ಅನ್ವಯಿಸುತ್ತದೆ. ಪೊಲೀಸರು ದಾರಿಯಲ್ಲಿ ವಾಹನವನ್ನು ನಿಲ್ಲಿಸಿ ಶೋಧಿಸುವ ಅಧಿಕಾರವನ್ನು 23ನೆಯ ಪ್ರಕರಣದಿಂದ ಪಡೆದಿರುತ್ತಾರೆ. 19ನೆಯ ಪ್ರಕರಣವು ಇನ್ನೂ ಸ್ಪಷ್ಟವಾಗಿದೆ: ಆಯುಧವನ್ನು ಒಯ್ಯುತ್ತಿರುವವನು ಪರವಾನಗಿಯನ್ನು ತೋರಿಸಬೇಕು, ಇಲ್ಲವೇ ಪರವಾನಗಿಯಿಲ್ಲದೆ ಒಯ್ಯಲು ತಾನು ಅರ್ಹನೆಂಬುದನ್ನು ತೋರಿಸಬೇಕು, ಎರಡನ್ನೂ ಮಾಡಲಾರದವನ ಆಯುಧವನ್ನು ಅಧಿಕಾರಿಯು ವಶಪಡಿಸಿಕೊಳ್ಳಬಹುದು. ಆದುದರಿಂದ ಮನೆತನದ ಹೆಸರನ್ನು ಹೇಳಿದರೆ ಸಾಕೆಂಬ ಭಾವನೆಯು ಸಂಪಾಜೆಯಲ್ಲಿಯೋ ಮಾಕುಟ್ಟದಲ್ಲಿಯೋ ಫಲಿಸೀತು, ಆದರೆ ಗಡಿಯಿಂದ ನೂರಾರು ಮೈಲಿ ದೂರದ, ಕೊಡಗಿನ ಹೆಸರನ್ನೇ ಕೇಳದ ಒಬ್ಬ ಪೇದೆಯ ಮುಂದೆ ಫಲಿಸದು. ವಿನಾಯಿತಿ ಪತ್ರವು ಕೋವಿಯೊಡನೆಯೇ ಇರತಕ್ಕದ್ದು.

ಇನ್ನು ಎಷ್ಟು ಕೋವಿಗಳನ್ನು ಒಯ್ಯಬಹುದೆಂಬ ವಿಚಾರ. ವಿನಾಯಿತಿಗೆ ಸಂಖ್ಯೆಯ ಮಿತಿಯಿಲ್ಲವೆಂದು ನಂಬುವವರು, ಸ್ವತಂತ್ರ ಭಾರತದ ಆ ಮೊದಲ ಅಧಿಸೂಚನೆಯಲ್ಲಿಯೇ ಇದ್ದ ಒಂದು ಷರತ್ತನ್ನು ಓದಿದಂತೆ ತೋರುವುದಿಲ್ಲ. ಕೊಡಗಿನ ಹೊರಗೆ ವಾಸವಾಗಿರುವಾಗಲಾಗಲಿ ಪ್ರಯಾಣದಲ್ಲಿರುವಾಗಲಾಗಲಿ ಒಬ್ಬನ ಬಳಿ ಒಂದು ರೈಫಲ್ ಮತ್ತು ಅದರ 100 ಗುಂಡುಗಳು, ಒಂದು ನಯನಳಿಗೆಯ ಕೋವಿ ಮತ್ತು ಅದರ 500 ತೋಟೆಗಳು ಅಥವಾ ಅಷ್ಟಕ್ಕೆ ಸಮನಾದ ಸೀಸದ ಚರೆಯೂ ಮದ್ದೂ, ಇವುಗಳಿಗಿಂತ ಹೆಚ್ಚು ಇರಕೂಡದೆಂದು ಅದು ವಿಧಿಸಿತು. ಇದರ ಅರ್ಥವನ್ನು ಬಿಡಿಸಿ ಹೇಳುವುದು ಅಗತ್ಯ. ಐನ್‌ಮನೆಯ ಗೋಡೆಯ ಮೇಲೆ ಸಾಲಾಗಿ ತೂಗುವ ಕೋವಿಗಳೆಲ್ಲವನ್ನೂ ಮೈಸೂರಿನ ಮದುವೆಗೋ ಬೆಂಗಳೂರಿನ ಕೂಟಕ್ಕೋ ಒಂದೇ ವಾಹನದಲ್ಲಿ ತುಂಬಿ ಒಬ್ಬನೇ ಒಯ್ದರೆ, ಕೊಡಗಿನ ಗಡಿಯಲ್ಲಿರುವ ಕುಶಾಲನಗರದ ಸೇತುವೆಯ ಈಚೆಗೆ ನ್ಯಾಯಬದ್ಧವಾಗಿದ್ದುದು ಆಚೆಗೆ ಅಪರಾಧವಾಗುತ್ತದೆ. ವಿನಾಯಿತಿಯು ವ್ಯಕ್ತಿಗೆ ಸಲ್ಲುವುದೇ ಹೊರತು ವಾಹನಕ್ಕಲ್ಲ.

ಕೋವಿಯನ್ನು ಕಳಚಿ, ನಳಿಗೆಯನ್ನೂ ಹಿಡಿಯನ್ನೂ ಬೇರೆಬೇರೆಯಾಗಿ ಡಿಕ್ಕಿಯಲ್ಲಿರಿಸಿದರೆ ಅದು ಕೋವಿಯಲ್ಲವೆಂದು ವಾದಿಸುವವರೂ ಇದ್ದಾರೆ. ಅಧಿನಿಯಮದ ವ್ಯಾಖ್ಯೆಯಲ್ಲಿ ಬಂದೂಕಿನ ಬಿಡಿಭಾಗಗಳೂ ಬಂದೂಕೇ. ಕಳಚಿ ಒಯ್ಯುವುದು ಸುರಕ್ಷತೆಯ ದೃಷ್ಟಿಯಿಂದ ಶ್ಲಾಘ್ಯವಾದ ಅಭ್ಯಾಸ, ತೋಟೆಗಳನ್ನು ಪ್ರತ್ಯೇಕವಾಗಿ ಇಡುವುದಂತೂ ಅತ್ಯವಶ್ಯಕ. ಆದರೆ ಅದರಿಂದ ಕಾನೂನಿನ ಹೊಣೆ ಕಳಚಿಹೋಗದು. ಹಾಗೆಯೇ, ಸೀಟಿನ ಮೇಲೆ ಎಲ್ಲರಿಗೂ ಕಾಣುವಂತಿಟ್ಟರೆ ಪ್ರಾಮಾಣಿಕತೆಯ ಲಕ್ಷಣವೆಂಬ ನಂಬಿಕೆಯೂ ಸರಿಯಲ್ಲ. 2016ರ ಆಯುಧ ನಿಯಮಗಳು, ಸಾರ್ವಜನಿಕ ಸ್ಥಳದಲ್ಲಿ ಉದ್ದ ಕೋವಿಯನ್ನು ಅದಕ್ಕೆಂದೇ ಮಾಡಿದ ಚೀಲದಲ್ಲಿ ಪೂರ್ಣವಾಗಿ ಮುಚ್ಚಿ, ಒಯ್ಯುವವನ ಹತೋಟಿಯಲ್ಲಿಯೇ ಇರುವಂತೆ ಸಾಗಿಸಬೇಕೆಂದು ಹೇಳುತ್ತವೆ. ಅಧಿನಿಯಮದ 20ನೆಯ ಪ್ರಕರಣವು ಮತ್ತೊಂದು ಹೆಜ್ಜೆ ಮುಂದೆ ಹೋಗಿ, ಪರವಾನಗಿಯಿದ್ದರೂ ಇಲ್ಲದಿದ್ದರೂ, ಅನ್ಯಾಯದ ಉದ್ದೇಶವನ್ನು ಶಂಕಿಸಲು ಕಾರಣವಾಗುವ ರೀತಿಯಲ್ಲಿ ಆಯುಧವನ್ನು ಒಯ್ಯುತ್ತಿರುವವನನ್ನು ವಾರಂಟಿಲ್ಲದೆ ಬಂಧಿಸುವುದಕ್ಕೆ ಅವಕಾಶವೀಯುತ್ತದೆ. ನಡುರಾತ್ರಿಯಲ್ಲಿ ಕಾಡಂಚಿನ ದಾರಿಯಲ್ಲಿ ತೋಟೆ ತುಂಬಿದ ಕೋವಿಯೂ ಪ್ರಖರವಾದ ಟಾರ್ಚೂ ಇರುವ ಜೀಪೊಂದು ಸಿಕ್ಕಿದಾಗ ಅಧಿಕಾರಿಯು ಏನೆಂದು ಊಹಿಸಬೇಕು?

ರಿಪೇರಿಗೆಂದು ಕೋವಿಯನ್ನು ಚಾಲಕನ ಕೈಯಲ್ಲೋ ಸೋದರಳಿಯನ ಕೈಯಲ್ಲೋ ಕಳುಹಿಸುವ ರೂಢಿಯಿದೆ. ಪರವಾನಗಿದಾರನ ಸಮ್ಮುಖದಲ್ಲಿ ಅಥವಾ ಅವನ ಲಿಖಿತ ಅಧಿಕಾರದಿಂದ, ರಿಪೇರಿಗಾಗಿ, ಪರವಾನಗಿಯ ನವೀಕರಣಕ್ಕಾಗಿ, ಅಥವಾ ಅವನದೇ ಉಪಯೋಗಕ್ಕಾಗಿ ಬೇರೊಬ್ಬನು ಕೋವಿಯನ್ನು ಒಯ್ಯಬಹುದೆಂಬ ಅವಕಾಶವು 3ನೆಯ ಪ್ರಕರಣದಲ್ಲಿ ಇದ್ದೇ ಇದೆ. ಬಾಯಿಮಾತು ಸಾಲದು, ಪತ್ರ ಬೇಕು. ಪ್ರಕರಣದ ಆ ವಾಕ್ಯವು ಪರವಾನಗಿದಾರನನ್ನು ಕುರಿತದ್ದಾದ್ದರಿಂದ, ವಿನಾಯಿತಿಯ ಕೋವಿಯ ಒಡೆಯನು ತಾನೇ ಜೊತೆಯಲ್ಲಿ ಹೋಗುವುದು ಲೇಸೆಂಬುದು ನನ್ನ ಅಭಿಪ್ರಾಯ.

ಎಲ್ಲಕ್ಕಿಂತ ಗುರುತರವಾದ ಭ್ರಮೆಯು ಕಾಡಿಗೆ ಸಂಬಂಧಿಸಿದುದು. ಬೇಟೆಯಾಡದೆ ಕೇವಲ ಹಾದುಹೋಗುವವನಿಗೆ ಅರಣ್ಯದ ಕಾನೂನು ತಗಲುವುದಿಲ್ಲವೆಂದು ಬಹುಮಂದಿ ತಿಳಿದಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ 31ನೆಯ ಪ್ರಕರಣವು ಲಿಖಿತ ಪೂರ್ವಾನುಮತಿಯಿಲ್ಲದೆ ಯಾವುದೇ ಆಯುಧದೊಡನೆ ಅಭಯಾರಣ್ಯವನ್ನು ಪ್ರವೇಶಿಸಬಾರದೆಂದು ನಿಷೇಧಿಸುತ್ತದೆ. ರಾಷ್ಟ್ರೀಯ ಉದ್ಯಾನಗಳಿಗೂ ಅದೇ ನಿಷೇಧ. ಪ್ರವೇಶವೇ ಅಪರಾಧ, ಗುಂಡು ಹಾರಿತೇ ಇಲ್ಲವೇ ಎಂಬುದು ಅಲ್ಲಿ ಪ್ರಶ್ನೆಯಲ್ಲ. ಆಯುಧ ಅಧಿನಿಯಮದ ವಿನಾಯಿತಿಯು ಈ ಬೇರೊಂದು ಶಾಸನದ ಬಾಗಿಲನ್ನು ತೆರೆಯಲಾರದು. ಅಷ್ಟು ಮಾತ್ರವಲ್ಲ, 34ನೆಯ ಪ್ರಕರಣವು ಅಭಯಾರಣ್ಯದಲ್ಲಿಯೂ ಅದರ ಹತ್ತು ಕಿಲೋಮೀಟರುಗಳೊಳಗೂ ವಾಸಿಸುವ ಆಯುಧಧಾರಿಗಳು ತಮ್ಮ ಹೆಸರನ್ನು ನೋಂದಾಯಿಸಿಕೊಳ್ಳಬೇಕೆಂದು ಹೇಳುವಾಗ, ಪರವಾನಗಿಯಿಂದ ವಿನಾಯಿತಿ ಪಡೆದವರನ್ನೂ ಸ್ಪಷ್ಟವಾಗಿ ಸೇರಿಸಿಕೊಂಡಿದೆ. ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಅಭಯಾರಣ್ಯಗಳನ್ನೂ ನಾಗರಹೊಳೆಯನ್ನೂ ತನ್ನ ಅಂಚುಗಳಲ್ಲಿ ಇರಿಸಿಕೊಂಡ ಜಿಲ್ಲೆಯಲ್ಲಿ ಈ ಮಾತು ಎಷ್ಟು ಮನೆಗಳಿಗೆ ಅನ್ವಯಿಸೀತೆಂಬುದನ್ನು ಕೊಡಗಿನ ನಕಾಶೆಯನ್ನು ಬಲ್ಲವರೇ ಊಹಿಸಲಿ.

ಈ ವಿನಾಯಿತಿ ಶಾಶ್ವತವೆಂಬ ನಂಬಿಕೆಯೂ ಈಗ ನಿಜವಲ್ಲ. 2019ರ ಅಕ್ಟೋಬರ್ 29ರ ಅಧಿಸೂಚನೆಯು ಅದನ್ನು ಹತ್ತು ವರ್ಷಗಳಿಗೆ, ಎಂದರೆ 2029ರ ಅಕ್ಟೋಬರ್ 31ರವರೆಗೆ ಸೀಮಿತಗೊಳಿಸಿದೆ. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರ ಸೆಪ್ಟೆಂಬರಿನಲ್ಲಿ ತಿರಸ್ಕರಿಸಿ ವಿನಾಯಿತಿಯನ್ನು ಎತ್ತಿಹಿಡಿದಾಗ, ಅದು ಷರತ್ತುಗಳಿಗೊಳಪಟ್ಟ, ಅವಧಿಯುಳ್ಳ ವಿನಾಯಿತಿಯೆಂಬುದನ್ನೂ ಗಮನಕ್ಕೆ ತಂದುಕೊಂಡಿತು.

ಕೊನೆಯದಾಗಿ ಕಾಡಿನ ಮಾತಿಗೇ ಮರಳೋಣ. ಹುಣಸೂರಿನಿಂದ ನಾಗರಹೊಳೆಯ ಮೂಲಕ ಕುಟ್ಟಕ್ಕೆ ಹೋಗುವ ದಾರಿಯೂ ಆನೆಚೌಕೂರಿನ ಮೂಲಕ ತಿತಿಮತಿಗೆ ಹೋಗುವ ದಾರಿಯೂ ರಕ್ಷಿತವಾದ ಕಾಡನ್ನು ಹಾಯ್ದು ಹೋಗುತ್ತವೆ. ಆದುದರಿಂದ ಮೈಸೂರಿನಿಂದ ಕೋವಿಯೊಡನೆ ಊರಿಗೆ ಮರಳುವ ಬಂಧುಗಳಲ್ಲಿ ನನ್ನ ವಿನಂತಿಯಿಷ್ಟೆ: ಅರಣ್ಯಾಧಿಕಾರಿಯ ಲಿಖಿತ ಅನುಮತಿ ಕೈಯಲ್ಲಿಲ್ಲದಿದ್ದರೆ, ತುಸು ಬಳಸಾದರೂ ಪಿರಿಯಾಪಟ್ಟಣ ಮತ್ತು ಕುಶಾಲನಗರಗಳ ಹಾದಿಯನ್ನೇ ಹಿಡಿಯಿರಿ.