ಚೀಲದ ಮೇಲೆ ಯಾರ ಹೆಸರು?

ಕಳೆದ ಹಂಗಾಮು ಮುಗಿದ ಮೇಲೆ ನಮ್ಮ ಗಾಣದ ಲೆಕ್ಕ ಹಾಕಿದಾಗ ಸಾಲವೇ ಮೇಲೆ ಬಂತು. ಬೈಲಹೊಂಗಲ ತಾಲೂಕಿನ ಐದು ಮಂದಿ ರೈತರು ಕೂಡಿ ನಡೆಸುವ ಬೆಲ್ಲದ ಗಾಣ ನಮ್ಮದು. ಕಬ್ಬು ಸ್ವಂತದ್ದು. ಬಣ್ಣ ಬರಿಸಲು ರಾಸಾಯನಿಕ ಪುಡಿ ಹಾಕುವುದಿಲ್ಲ. ರಸ ತಿಳಿ ಮಾಡಲು ಬೆಂಡಿಗಿಡದ ಲೋಳೆ. ತಿಂದವರೆಲ್ಲ ಬೆಲ್ಲ ಚಲೋ ಐತಿ ಅನ್ನುತ್ತಾರೆ. ಆದರೂ ಸಾಲ ತೀರಲಿಲ್ಲ.

"ಗಾಣ ಮಾರಿಬಿಡೂಣು" ಎಂದು ಇಬ್ಬರು ಎದ್ದೇಬಿಟ್ಟರು.

"ಮಾರೂದಾದ್ರ ಏನೇನು ಐತಿ ಮೊದಲ ಬರೀರಿ" ಎಂದರು ನಮ್ಮೊಳಗಿನ ಹಿರಿಯರು. ಎಂಜಿನ್ನು, ಕಡಾಯಿ, ತಗಡಿನ ಚಪ್ಪರ, ಅಚ್ಚುಗಳು. ಅರ್ಧ ಹಾಳೆಗೆ ಪಟ್ಟಿ ಮುಗಿಯಿತು. "ಬೆಲ್ಲದ ಹೆಸರು ಯಾಕ ಬರೀಲಿಲ್ಲ?" ಎಂದು ಅವರು ಕೇಳಿದಾಗ ಯಾರಿಗೂ ಉತ್ತರ ಹೊಳೆಯಲಿಲ್ಲ. ನಮ್ಮ ಬೆಲ್ಲಕ್ಕೆ ಹೆಸರೇ ಇರಲಿಲ್ಲ. ಅಡತಿ ಅಂಗಡಿಗೆ ಹೋದ ನಮ್ಮ ಪೆಂಟಿ ಬೇರೆ ಊರಿನ ಹೆಸರು ಬರೆದ ಚೀಲ ಸೇರುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಹೆಸರು, ಗುರುತು, ವಿನ್ಯಾಸ, ಬೀಜದ ತಳಿ ಇವಕ್ಕೆಲ್ಲ ಕಾನೂನಿನಲ್ಲಿ 'ಬೌದ್ಧಿಕ ಆಸ್ತಿ' ಎನ್ನುತ್ತಾರೆ. ಹೊಲದಂತೆ ಇವೂ ಆಸ್ತಿಯೇ. ಕಷ್ಟಕ್ಕೆ ಬಿದ್ದ ಕಸುಬನ್ನು ಇಂಥ ಆಸ್ತಿ ಎತ್ತೀತೇ?

ಎತ್ತದೇ ಹೋದ ಹೆಸರು

ಮೊದಲು ಎತ್ತದೇ ಹೋದದ್ದನ್ನು ನೋಡೋಣ. ಬೆಂಗಳೂರಿನ ಕಿಂಗ್‌ಫಿಷರ್ ವಿಮಾನ ಕಂಪನಿ ಸಾಲದಲ್ಲಿ ಸಿಕ್ಕಿದಾಗ ತನ್ನ ಹೆಸರು, ಗುರುತುಗಳನ್ನೇ ಬ್ಯಾಂಕುಗಳಿಗೆ ಅಡವು ಇಟ್ಟಿತ್ತು. ಒಂದು ಕಾಲಕ್ಕೆ ಆ ಹೆಸರಿಗೆ 4,000 ಕೋಟಿ ರೂಪಾಯಿಗೂ ಹೆಚ್ಚು ಬೆಲೆ ಕಟ್ಟಿದ್ದರು. 2012ರಲ್ಲಿ ವಿಮಾನಗಳು ನಿಂತವು. 2016ರ ಏಪ್ರಿಲ್‌ನಲ್ಲಿ ಬ್ಯಾಂಕುಗಳು ಆ ಗುರುತುಗಳನ್ನು ಸುಮಾರು 367 ಕೋಟಿಗೆ ಹರಾಜು ಕೂಗಿದರೆ ಒಬ್ಬನೂ ಕೈ ಎತ್ತಲಿಲ್ಲ. ವಿಮಾನ ಹಾರುತ್ತಿದ್ದಾಗ ಹೆಸರಿಗೆ ಬೆಲೆ ಇತ್ತು. ನಿಂತ ಮೇಲೆ ಅದು ಬರೀ ಬಣ್ಣದ ಅಕ್ಷರ. ಸಾಲಕ್ಕೆ ಒತ್ತೆ ಇಡಲೆಂದು ಹೆಸರು ಮಾಡುವುದಲ್ಲ, ಮಾಲು ಮಾರಲೆಂದು ಮಾಡಬೇಕು ಎಂಬುದು ಇದರಿಂದ ಕಲಿತ ಪಾಠ.

ನಮ್ಮ ಜಿಲ್ಲೆಯ ಚಪ್ಪಲಿ

ಇನ್ನೊಂದು ಉದಾಹರಣೆ ನಮ್ಮ ಬೆಳಗಾವಿ ಜಿಲ್ಲೆಯದೇ. ಕೊಲ್ಹಾಪುರಿ ಚಪ್ಪಲಿ ಎಂದರೆ ಕೊಲ್ಹಾಪುರದಲ್ಲಷ್ಟೇ ಆಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಅಥಣಿ, ನಿಪ್ಪಾಣಿ ಕಡೆಯ ಕುಶಲಿಗಳು ತಲೆತಲಾಂತರದಿಂದ ಅದನ್ನು ಹೊಲಿಯುತ್ತ ಬಂದಿದ್ದಾರೆ. 2018-19ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆ, ಅಂದರೆ ಜಿ.ಐ. ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಸೇರಿದವು. ಒಡೆತನ ಎರಡೂ ರಾಜ್ಯಗಳ ಚರ್ಮ ನಿಗಮಗಳದು. ನಮ್ಮ ಕಡೆಯದು ಲಿಡ್ಕರ್.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಅಂಥದೇ ಚಪ್ಪಲಿಯನ್ನು ಮೂಲ ಹೇಳದೆ ಪ್ರದರ್ಶನಕ್ಕಿಟ್ಟಿತು. ಕೂಗೆದ್ದಿತು. ಭಾರತದ ಕೈಕಸುಬಿನಿಂದ ಪ್ರೇರಣೆ ಪಡೆದದ್ದನ್ನು ಕಂಪನಿ ಒಪ್ಪಿತು. ಕೆಲವರು ಮುಂಬೈ ಹೈಕೋರ್ಟಿಗೂ ಹೋದರು. ಜಿ.ಐ. ನೋಂದಣಿ ಯಾರ ಹೆಸರಲ್ಲಿದೆಯೋ ಅವರೇ ಬರಬೇಕು ಎಂದು ಕೋರ್ಟು ಅರ್ಜಿ ತಳ್ಳಿಹಾಕಿತು. ಕೊನೆಗೆ ಡಿಸೆಂಬರ್‌ನಲ್ಲಿ ಪ್ರಾಡಾ ಎರಡೂ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಇಲ್ಲಿಯ ಕುಶಲಿಗಳಿಂದಲೇ 2,000 ಜೋಡಿ ಮಾಡಿಸುವ ಮಾತಾಯಿತು.

ಇದರಿಂದ ಅಥಣಿಯ ಮನೆಮನೆಗೂ ಹಣ ಹರಿಯಿತು ಅಂತಲ್ಲ. ಆದರೆ ಮಾತಾಡಲು ಬಂದ ದೊಡ್ಡವರ ಎದುರು ಕೂಡ್ರಲು ಒಂದು ಕಾಗದ ಇತ್ತು. ನಮ್ಮ ಬೆಲ್ಲಕ್ಕೆ ಅದೂ ಇಲ್ಲ.

ಬೆಲ್ಲಕ್ಕೆ ಏನು ದಾರಿ?

ಕೊಲ್ಹಾಪುರ ಬೆಲ್ಲಕ್ಕೆ 2014ರಲ್ಲೇ ಜಿ.ಐ. ಆಗಿದೆ. ನಮ್ಮ ಕಡೆಯ ಬೆಲ್ಲ ಆ ಹೆಸರಿನಲ್ಲಿ ಮಾರಾಟವಾದರೆ ಅವರಿಗೂ ಅನ್ಯಾಯ, ನಮಗೂ ನಷ್ಟ. ಹಾಗಾದರೆ ಬೈಲಹೊಂಗಲ, ಕಿತ್ತೂರು ಭಾಗದವರು ಏನು ಮಾಡಬಹುದು? ವಿಚಾರಿಸಿದಾಗ ನನಗೆ ತಿಳಿದದ್ದು ಇಷ್ಟು:

1. ಟ್ರೇಡ್ ಮಾರ್ಕ್: ಒಂದು ಗುಂಪಿನ ಸ್ವಂತ ಗುರುತು. ಬರೀ ಊರ ಹೆಸರನ್ನು ಒಬ್ಬರಿಗೇ ಬರೆದುಕೊಡುವುದು ಕಷ್ಟ. ಬೇರೆ ಯಾರೂ ಇಡದ ಹೆಸರು, ಚಿತ್ರ ಬೇಕು. ವ್ಯಕ್ತಿಗೆ ಅಥವಾ ಸಣ್ಣ ಉದ್ಯಮಕ್ಕೆ ಆನ್‌ಲೈನ್ ಅರ್ಜಿ ಶುಲ್ಕ 4,500 ರೂಪಾಯಿ. ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ತಕರಾರಿಗೆ ನಾಲ್ಕು ತಿಂಗಳ ಅವಕಾಶ. ನೋಂದಣಿ 10 ವರ್ಷಕ್ಕೆ, ಮತ್ತೆ ನವೀಕರಿಸಬಹುದು. ಇದನ್ನು ಮಾರಬಹುದು, ಬಳಸಲು ಬೇರೆಯವರಿಗೆ ಪರವಾನಗಿಯನ್ನೂ ಕೊಡಬಹುದು.

2. ಜಿ.ಐ.: ಇದು ಒಬ್ಬರ ಸ್ವತ್ತಲ್ಲ, ಪ್ರದೇಶದ್ದು. ಬೆಳೆಗಾರರ ಸಂಘ ಅಥವಾ ಸರಕಾರಿ ಸಂಸ್ಥೆ ಚೆನ್ನೈ ಕಚೇರಿಗೆ ಅರ್ಜಿ ಹಾಕಬೇಕು. ಮಣ್ಣು, ನೀರು, ಮಾಡುವ ರೀತಿಯಿಂದ ಮಾಲಿಗೆ ಬೇರೆ ಗುಣ ಬಂದದ್ದನ್ನು ದಾಖಲೆಯಿಂದ ತೋರಿಸಬೇಕು, ಗಡಿ ನಕಾಶೆ ಕೊಡಬೇಕು. ಜಿ.ಐ. ಬಂದ ಮೇಲೆ ಪ್ರತಿ ಉತ್ಪಾದಕ ಅಧಿಕೃತ ಬಳಕೆದಾರನಾಗಿ ಹೆಸರು ಬರೆಸಬೇಕು. 2020ರಲ್ಲಿ ಅದರ ಶುಲ್ಕ 500ರಿಂದ 10 ರೂಪಾಯಿಗೆ ಇಳಿದಿದೆ. ಜಿ.ಐ.ಯನ್ನು ಮಾರಲು, ಅಡವಿಡಲು ಕಾನೂನಿನಲ್ಲಿ ಬರುವುದಿಲ್ಲ. ಸಾಲಗಾರ ಅದನ್ನು ಹೊತ್ತೊಯ್ಯಲಾರ ಎಂಬುದು ನನಗೆ ಹಿಡಿಸಿದ ಅಂಶ.

ಕಾಗದ ಇದ್ದರೆ ಸಾಲದು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಜಿ.ಐ. ಇದೆ. ಆದರೂ 2024ರ ಮಾರ್ಚ್‌ನಲ್ಲಿ ದರ ಕುಸಿದು, ಸಿಟ್ಟಿಗೆದ್ದವರು ಬ್ಯಾಡಗಿ ಮಾರುಕಟ್ಟೆಯಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದರು. ಹೆಸರು ಮಾಲನ್ನು ಗುರುತಿಸುತ್ತದೆ, ದರಕ್ಕೆ ಜಾಮೀನು ನಿಲ್ಲುವುದಿಲ್ಲ.

ನಾವು ಮಾಡಿದ್ದು

ಮೂರು ಸಂಜೆ ವಾದವಾದ ಮೇಲೆ ಗಾಣ ಮಾರುವ ಮಾತು ಒಂದು ಹಂಗಾಮಿಗೆ ಮುಂದೆ ಹೋಯಿತು. ಗುರುತಿಗೆ ಅರ್ಜಿ ಹಾಕಿದ್ದೇವೆ. ಬರುವ ಹಂಗಾಮಿನಲ್ಲಿ ನಾಲ್ಕನೇ ಒಂದು ಪಾಲು ಬೆಲ್ಲವನ್ನು ನಮ್ಮ ಹೆಸರಿನ ಪೊಟ್ಟಣದಲ್ಲಿ ಮಾರುವವರಿದ್ದೇವೆ. ಉಳಿದದ್ದು ಅಡತಿಗೇ, ಯಾಕೆಂದರೆ ಸಾಲದ ಕಂತು ಕಾಯುವುದಿಲ್ಲ. ಯಾವ ಕಾಯಿಸುವಿಕೆಯ ಬೆಲ್ಲ ಯಾರ ಕಬ್ಬಿನದು ಎಂದು ಬರೆಯಲು ಒಂದು ವಹಿ ತಂದಿದ್ದೇವೆ. ಒಬ್ಬ ಪುಡಿ ಬೆರೆಸಿದರೆ ಐವರ ಹೆಸರೂ ಹೋಗುತ್ತದೆ. ಹಾಗಾಗಿ ಅಂಥವನನ್ನು ಗುಂಪಿನಿಂದ ಕೈಬಿಡುವ ಕರಾರಿಗೆ ಎಲ್ಲರೂ ಸಹಿ ಹಾಕಿದ್ದಾರೆ.

ಜಿ.ಐ. ಮಾತ್ರ ಐದು ಮಂದಿಯ ಕೆಲಸವಲ್ಲ. ಬೈಲಹೊಂಗಲ, ಕಿತ್ತೂರಿನ ಗಾಣದವರು ಒಂದೆಡೆ ಕೂಡ್ರಬೇಕು. ಸವದತ್ತಿಯ ಜೋಳದವರು, ರಾಮದುರ್ಗದ ನೇಕಾರ ಬಂಧುಗಳೂ ತಮ್ಮಲ್ಲಿ ಏನಿದೆ ಎಂದು ಪಟ್ಟಿ ಬರೆದು ನೋಡಲಿ. ಹಳೆಯ ಅಡತಿ ಚೀಟಿ, ಅಜ್ಜಂದಿರ ಕಾಲದ ಲೆಕ್ಕದ ವಹಿ ಇದ್ದರೆ ಒಲೆಗೆ ಹಾಕಬೇಡಿ. ನಾಳೆ ಅರ್ಜಿ ಹಾಕುವಾಗ ಅವೇ ದಾಖಲೆ.