ಬೆಳ್ಳಿಯ ಮೇಲಣ ಕುಲಚಿಹ್ನೆ

ಗುಡೇಕೋಟೆಯ ಸೀಮೆಯ ಮನೆಗಳಲ್ಲಿ ಮದುವೆಗೆ ಬಂದ ತಂಬಿಗೆ ತಟ್ಟೆಗಳ ಮೇಲೆ ಕೊಟ್ಟವರ ಹೆಸರನ್ನು ಕೆತ್ತಿಸುವ ಪದ್ಧತಿಯುಂಟಷ್ಟೆ. ಇಂಗ್ಲೆಂಡಿನ ಕುಲೀನರು ಹೆಸರಿಗೆ ಬದಲು ವಂಶಲಾಂಛನವನ್ನೇ ಬೆಳ್ಳಿಯ ಊಟದ ಪಾತ್ರೆಗಳ ಮೇಲೆ ಕೆತ್ತಿಸುತ್ತಿದ್ದರು. 1047ರಲ್ಲಿ ಬಳ್ಳಿಗಾವಿಯ ಕಂಬವನ್ನೇರಿದ ಗಂಡಭೇರುಂಡವು ಮುಂದೆ ಮೈಸೂರು ಒಡೆಯರ ಗುರುತಾದಂತೆ, ಅಲ್ಲಿಯೂ ಮನೆತನಕ್ಕೊಂದು ಗುರುತು.

ಆದರೆ ಪಾತ್ರೆಯ ತಳದಲ್ಲಿರುವ ಪುಟ್ಟ ಸಿಂಹವನ್ನು ಕುಲಚಿಹ್ನೆಯೆಂದು ವಾಚಕರು ಭ್ರಮಿಸಬಾರದು. ಸಾವಿರ ಭಾಗಗಳಲ್ಲಿ 925 ಭಾಗ ಶುದ್ಧ ಬೆಳ್ಳಿಯೆಂದು ಸಾರುವ, 1544ರಲ್ಲಿ ಬಳಕೆಗೆ ಬಂದ ಪರೀಕ್ಷಾಮುದ್ರೆ ಅದು. ಚಿರತೆಯ ತಲೆ ಲಂಡನ್ನಿನದು, ಲಂಗರು ಬರ್ಮಿಂಗ್‌ಹ್ಯಾಮಿನದು. ಜೊತೆಯ ಅಕ್ಷರದಿಂದ ವರ್ಷ ತಿಳಿಯುವುದು.

ಗೃಹಿಣಿಯರಿಗೆ ರುಚಿಸುವ ಸಂಗತಿ ಬೇರೆಯಿದೆ. ವಿವಾಹಿತರ ಗುರಾಣಿಯನ್ನು ನಡುವೆ ಸೀಳಿ, ನೋಡುವವರ ಎಡಕ್ಕೆ ಪತಿಯ ಕುಲದ ಚಿಹ್ನೆಯನ್ನೂ ಬಲಕ್ಕೆ ಪತ್ನಿಯ ತೌರಿನದನ್ನೂ ಇಡುವರು. ತೌರನ್ನು ಹೀಗೆ ಸರಿಸಮವಾಗಿ ಕೂರಿಸಿದ್ದು ನನಗಂತೂ ಮೆಚ್ಚಿಗೆ! ಅವಿವಾಹಿತೆಯರಿಗೂ ವಿಧವೆಯರಿಗೂ ಗುರಾಣಿಯಿಲ್ಲ. ಅವರ ಲಾಂಛನ ವಜ್ರಾಕೃತಿಯ ಚೌಕದಲ್ಲಿರುತ್ತದೆ.

ಅಕ್ಕಸಾಲಿಯ ತಕ್ಕಡಿಗೆ ಇದಾವುದೂ ಕಾಣದು. ಕರಗಿಸಿದರೆ ಉಳಿಯುವುದು ತೂಕ ಮಾತ್ರ. ಕೊಂಡವರು ಹಳೆಯ ಲಾಂಛನವನ್ನು ಉಜ್ಜಿ ಅಳಿಸಿ ತಮ್ಮದನ್ನು ಕೆತ್ತಿಸಿದ ಪಾತ್ರೆಗಳೂ ಉಂಟು. ಅಳಿಸಿದೆಡೆಯಲ್ಲಿ ತಗಡು ತೆಳುವಾಗಿ, ಹೆಬ್ಬೆರಳಿನಿಂದ ಒತ್ತಿದರೆ ಮೆಲ್ಲಗೆ ಬಾಗುತ್ತದೆ.